ಬಾಲಗೇರಿಯ ಅಕ್ಕೋರು ಮತ್ತು ಮಿಂಚಾಮೆ

ಬಹಳ ಬಹಳ ಹಿಂದೆ, ಹಗಲು ಯಾವುದು ಇರುಳು ಯಾವುದು ಎಂದು ಗೊತ್ತೇ ಇಲ್ಲದ ಒಂದು ರಾಜ್ಯವಿತ್ತು. ಅದರ ಹೆಸರು ಒಡಲೂರು. ಅದು ಇದ್ದದ್ದು ಒಂದು ದೊಡ್ಡ ಬೆಟ್ಟದ ಹೊಟ್ಟೆಯೊಳಗೆ. ಮೇಲೆ ಕಲ್ಲು, ಕೆಳಗೆ ಕಲ್ಲು, ಸುತ್ತ ಕಲ್ಲು. ಅಲ್ಲಿ ಸೂರ್ಯನನ್ನು ಕಂಡವರು ಯಾರೂ ಇರಲಿಲ್ಲ. ಕಾಣಲಿಲ್ಲವಲ್ಲ ಎಂದು ಕೊರಗಿದವರೂ ಇರಲಿಲ್ಲ.

ಬೆಳಕಿಗೆ ಅವರಿಗೆ ಮಿಂಚಾಮೆ ಇತ್ತು. ಅದು ಕಣಜದಷ್ಟು ದೊಡ್ಡ ಆಮೆ. ಮೈಯೊಳಗೆ ಮಿಂಚು ತುಂಬಿಕೊಂಡು ರಾಜ್ಯದ ನಡುಮಧ್ಯದ ಗವಿಯಲ್ಲಿ ಮಲಗಿರುತ್ತಿತ್ತು. ದಿನಕ್ಕೆ ಒಂದೇ ಒಂದು ಸಲ ಉಸಿರಾಡುತ್ತಿತ್ತು. ಅದಕ್ಕೇ ಒಡಲೂರಿನವರು ದಿನ ಎನ್ನುತ್ತಿರಲಿಲ್ಲ, ಉಸಿರು ಎನ್ನುತ್ತಿದ್ದರು. ಆಮೆಯ ಬಾಯಿಂದ ತಾಮ್ರದ ತಂತಿಯೊಂದು ಹೊರಡುತ್ತಿತ್ತು. ಅದು ಮೊದಲು ಅರಮನೆಯ ದೀಪವನ್ನು ಹೊಕ್ಕು ಹೊರಬರುತ್ತಿತ್ತು. ಆಮೇಲೆ ಮಂತ್ರಿಯ ಮನೆ, ಆಮೇಲೆ ಸೇನಾಪತಿಯ ಮನೆ, ಹೀಗೆ ಮನೆಯಿಂದ ಮನೆಗೆ ಹಾದು, ಕಟ್ಟಕಡೆಗೆ ಬಾಲಗೇರಿಯ ಕಂಬಳಿ ನೇಯುವವರ ಮನೆಗಳನ್ನು ಹೊಕ್ಕು ಹೊರಟು, ಆಮೆಯ ಬಾಲಕ್ಕೆ ಬಂದು ಸೇರುತ್ತಿತ್ತು. ದೀಪ ಎಂದರೆ ಒಂದು ಗಾಜಿನ ಬುರುಡೆ, ಅದರೊಳಗೆ ಕೂದಲಿಗಿಂತ ತೆಳುವಾದ ಒಂದು ಎಳೆ. ಮಿಂಚು ಹಾದಾಗ ಆ ಎಳೆ ಬೆಳಗುತ್ತಿತ್ತು. ಮುನ್ನೂರು ಮನೆ, ಮುನ್ನೂರು ಬುರುಡೆ. ತಂತಿ ಮಾತ್ರ ಒಂದೇ.

ಈ ಏರ್ಪಾಡು ಮಾಡಿದವನು ಏಕಸೂತ್ರನೆಂಬ ಮಾಂತ್ರಿಕ. ಅವನ ಕೈಯಲ್ಲಿ ಆಳುದ್ದದ ಒಂದು ತಾಮ್ರದ ದಂಡ. ಅದರ ತುದಿಯಲ್ಲಿ ಸದಾ ಉರಿಯುವ ನೀಲಿ ಬೆಂಕಿ. "ಒಂದೇ ರಾಜ್ಯ, ಒಂದೇ ತಂತಿ" ಎಂದು ಅವನು ಹೇಳಿದಾಗ ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ಆದರೆ ರಾಜ್ಯ ಬೆಳೆಯಿತು. ಹೊಸ ಮನೆ ಬಂದಾಗಲೆಲ್ಲ ಅದೇ ತಂತಿಗೆ ಇನ್ನೊಂದು ಬುರುಡೆ ಪೋಣಿಸಿದರು. ಒಂದೊಂದು ಬುರುಡೆ ಸೇರಿದ ಹಾಗೆಲ್ಲ ಎಲ್ಲ ಬುರುಡೆಗಳೂ ಒಂದಿಷ್ಟು ಮಂಕಾದವು. ಮದುವೆಯೆಂದರೆ ಇನ್ನೊಂದು ಮನೆ, ಇನ್ನೊಂದು ಬುರುಡೆ ಎಂದು, ಮದುವೆಗೆ ಬಂದವರು ಅಕ್ಷತೆ ಹಾಕುತ್ತಲೇ ದೀಪದ ಕಡೆ ಓರೆಗಣ್ಣಲ್ಲಿ ನೋಡುವ ಹಾಗಾಯಿತು.

ಇನ್ನೊಂದು ಕೇಡೂ ಇತ್ತು. ಎಲ್ಲಾದರೂ ಒಂದು ಬುರುಡೆ ಸತ್ತರೆ ಮುನ್ನೂರೂ ಆರಿಹೋಗುತ್ತಿದ್ದವು. ಆಗ ಏಕಸೂತ್ರ ನೀಲಿ ಬೆಂಕಿ ಹಿಡಿದು ಮನೆಮನೆ ಹೊಕ್ಕು, ಸತ್ತ ಬುರುಡೆ ಯಾವುದೆಂದು ಹುಡುಕಿ, ಆ ದೀಪ ನೋಡಿಕೊಳ್ಳುವವರ ಪಾದಕ್ಕೆ ದಂಡ ಮುಟ್ಟಿಸುತ್ತಿದ್ದ. ಒಂದು ಉಸಿರಿಗೆ ಸೊಂಟದವರೆಗೆ, ಎರಡನೆಯ ಉಸಿರಿಗೆ ಕುತ್ತಿಗೆಯವರೆಗೆ, ಮೂರನೆಯ ಉಸಿರಿಗೆ ಕಣ್ಣಿನವರೆಗೆ ಅವರು ತಾಮ್ರವಾಗುತ್ತಿದ್ದರು. ಕೈಯಲ್ಲಿ ದೀಪ ಹಿಡಿದು ನಿಂತ ಬೊಂಬೆಯಾಗುತ್ತಿದ್ದರು. ಅವರನ್ನು ದೀಪದ ಮಲ್ಲಿ ಎನ್ನುತ್ತಿದ್ದರು. ಅರಮನೆಯ ಅಂಗಳದಲ್ಲಿ ಅಂಥ ನಲವತ್ತು ಮಲ್ಲಿಗಳಿದ್ದವು. ಪರದೇಶದವರು ಬಂದಿದ್ದರೆ ಎಷ್ಟು ಚೆಂದದ ಕೆತ್ತನೆ ಎನ್ನುತ್ತಿದ್ದರು. ಒಡಲೂರಿನವರು ತಲೆ ತಗ್ಗಿಸಿ ಅವುಗಳ ನಡುವೆ ಹಾದು ಹೋಗುತ್ತಿದ್ದರು.

ಬಾಲಗೇರಿಯಲ್ಲಿ ಒಂದು ಶಾಲೆ. ಅಲ್ಲಿ ಹನ್ನೆರಡು ಮಕ್ಕಳು, ಪಾಠ ಹೇಳಲು ಒಬ್ಬರು ಅಕ್ಕೋರು. ಅಕ್ಕೋರ ಹೆಸರು ಹೊನ್ನವ್ವ. ಇಪ್ಪತ್ತು ವರ್ಷಗಳಿಂದ ಆಕೆ ಮಕ್ಕಳಿಗೆ ದೀಪಪಾಠ ಹೇಳಿಸುತ್ತಿದ್ದಳು. ತನ್ನ ಅಕ್ಕೋರು ಕಲಿಸಿದ್ದು, ಅವರ ಅಕ್ಕೋರು ಅವರಿಗೆ ಕಲಿಸಿದ್ದು.

"ಮೊದಲ ಬೆಳಕು ಅರಸರಿಗೆ. ಮಿಕ್ಕಿದ್ದು ಮಂತ್ರಿಗಳಿಗೆ. ಮಿಕ್ಕಿದ್ದರಲ್ಲಿ ಮಿಕ್ಕಿದ್ದು ನಮಗೆ."

ಒಂದು ಉಸಿರು, ಪಾಠದ ನಡುವೆ ಕೆಂಚಿ ಎದ್ದು ನಿಂತಳು. ಹತ್ತು ವರ್ಷದ ಹುಡುಗಿ, ನೇಕಾರ್ತಿ ರಾಯವ್ವನ ಒಬ್ಬಳೇ ಮಗಳು.

"ಅಕ್ಕೋರೆ, ನಿನ್ನೆ ಕಂಬಳಿ ಕೊಡೋಕೆ ಅವ್ವನ ಜೊತೆ ಅರಮನೆಗೆ ಹೋಗಿದ್ದೆ. ಅರಸರ ದೀಪಾನೂ ನಮ್ಮ ದೀಪದಷ್ಟೇ ಮಂಕು."

ಮಕ್ಕಳು ಕಿಸಕ್ಕೆಂದರು. ಹದಿನೈದು ವರ್ಷದ ಹಿಂದೆ ಹೊನ್ನವ್ವನೂ ಅರಮನೆಗೆ ಹೋಗಿದ್ದಳು, ಆಕೆಯೂ ಅದನ್ನೇ ಕಂಡಿದ್ದಳು. ಕಂಡು, ತನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡು ಮನೆಗೆ ಬಂದಿದ್ದಳು.

"ಮಂಕಾಗಿರೋದು ನಿನ್ನ ಕಣ್ಣು. ಕೂತ್ಕೋ" ಎಂದಳು.

ಕೆಂಚಿ ಕೂತಳು. ಆದರೆ ಮನೆಗೆ ಹೋದವಳೇ ಏಣಿ ಹತ್ತಿ, ಬೆಳಕು ಒಳಗೆ ಎಷ್ಟು ಹೋಗುತ್ತದೆ, ಹೊರಗೆ ಎಷ್ಟು ಬರುತ್ತದೆ ನೋಡೋಣ ಎಂದು ತಮ್ಮ ಮನೆಯ ಬುರುಡೆಯನ್ನು ತಂತಿಯಿಂದ ಬಿಡಿಸಿದಳು.

ಒಡಲೂರು ಕತ್ತಲಾಯಿತು. ಸ್ವಲ್ಪ ಹೊತ್ತಿಗೆ ನೀಲಿ ಬೆಂಕಿ ಬಾಲಗೇರಿಗೆ ನಡೆದು ಬಂತು.

ಹೊನ್ನವ್ವ ಓಡಿ ಬರುವಷ್ಟರಲ್ಲಿ ಏಕಸೂತ್ರ ಬುರುಡೆಯನ್ನು ಮತ್ತೆ ಕಟ್ಟಿಸಿ ಆಗಿತ್ತು. ಕೆಂಚಿಯ ಪಾದ ತಾಮ್ರವಾಗಿತ್ತು. ಹುಡುಗಿ ಅಳುತ್ತಿರಲಿಲ್ಲ. "ಅಕ್ಕೋರೆ, ತಣ್ಣಗಿದೆ" ಎಂದಳು, ಅಷ್ಟೇ.

ಒಡಲೂರಿನಲ್ಲಿ ಒಂದು ಹಳೆಯ ಕಟ್ಟಳೆ ಇತ್ತು. ಮಲ್ಲಿಯಾಗುತ್ತಿರುವವರ ಪರವಾಗಿ ಯಾರಾದರೂ ನಿಂತರೆ ಅವರಿಗೆ ಮೂರು ಉಸಿರು, ಮೂರು ಪರೀಕ್ಷೆ. ಗೆದ್ದರೆ ಮಲ್ಲಿಗೆ ಜೀವ. ಸೋತರೆ ನಿಂತವರೂ ಮಲ್ಲಿ. ಹಾಗೆ ನಿಂತವರನ್ನು ಊರು ಎಷ್ಟೋ ಕಾಲದಿಂದ ಕಂಡಿರಲಿಲ್ಲ. ಅರಸ ಮಾರಭೂಪನ ಸಭೆಗೆ ಹೋಗಿ ಹೊನ್ನವ್ವ ನಿಂತಳು.

"ಅಕ್ಕೋರೇ ಬಂದಿದ್ದಾರೆ!" ಏಕಸೂತ್ರ ನಕ್ಕ. "ಸರಿ, ನಿಮ್ಮ ಪಾಠದಿಂದಲೇ ಕೇಳುತ್ತೇನೆ. ಈ ತಂತಿಯಲ್ಲಿ ಬೆಳಕು ಎಲ್ಲಿ ಹೆಚ್ಚು? ಒಂದು ಉಸಿರಿನೊಳಗೆ ತೋರಿಸಬೇಕು. ಇದು ಮೊದಲ ಪರೀಕ್ಷೆ."

ಸಭೆಯಲ್ಲಿ ಎಲ್ಲರೂ ಅರಸನ ದೀಪದ ಕಡೆ ನೋಡಿದರು. ಅರಸ ಸ್ವಲ್ಪ ನೆಟ್ಟಗೆ ಕೂತ. ಪಾಪ, ಮೊದಲ ದೀಪ ತನ್ನದು ಎನ್ನುವುದನ್ನು ಬಿಟ್ಟರೆ ಅವನಿಗೆ ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ.

ಇಪ್ಪತ್ತು ವರ್ಷ ಹೇಳಿಕೊಟ್ಟ ಉತ್ತರ ಹೊನ್ನವ್ವನ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಶಾಲೆಗೆ ಬಂದಳು. ಒಂದು ಸೂಜಿ, ಒಂದು ಉಣ್ಣೆದಾರ ತೆಗೆದುಕೊಂಡಳು. ಶಾಲೆಯ ದೀಪದ ಕೆಳಗೆ ನಿಂತು, ಸೂಜಿಯ ಕಣ್ಣು ನೋಡುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಟ್ಟಳು. ಕಣ್ಣು ಕಾಣದಾದ ಜಾಗಕ್ಕೆ ನಿಂತಳು. ಅಲ್ಲಿಂದ ದೀಪದವರೆಗೆ ಮಕ್ಕಳು ದಾರ ಹಿಡಿದು ಒಂದು ಗಂಟು ಹಾಕಿದರು. ಆಮೇಲೆ ಅದೇ ಸೂಜಿ, ಅದೇ ದಾರ, ಅದೇ ಕಣ್ಣು ಹೊತ್ತು ಹನ್ನೆರಡು ಜನ ಮನೆಯಿಂದ ಮನೆಗೆ ಹೋದರು. ಕುಂಬಾರರ ಮನೆಯಲ್ಲಿ ಅದೇ ಗಂಟು. ಸೇನಾಪತಿಯ ಮನೆಯಲ್ಲಿ ಅದೇ ಗಂಟು. ಅರಮನೆಯಲ್ಲಿ ಇನ್ನೊಂದು ಗಂಟು ಬೇಕಾಗುತ್ತದೆಂದು ಮಕ್ಕಳು ದಾರವನ್ನು ಉದ್ದಕ್ಕೆ ಬಿಟ್ಟುಕೊಂಡು ಕಾದರು. ಬೇಕಾಗಲಿಲ್ಲ.

ಸಭೆಯ ನಡುವೆ ನಿಂತು ಹೊನ್ನವ್ವ ಆ ದಾರವನ್ನು ಎತ್ತಿ ತೋರಿಸಿದಳು.

"ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಮ್ಮಿ ಇಲ್ಲ. ಮೊದಲಿನ ದೀಪಕ್ಕೂ ಕೊನೆಯ ದೀಪಕ್ಕೂ ಒಂದೇ ಮಿಂಚು ಹಾಯ್ತದೆ. ದಾರಿಯಲ್ಲಿ ಯಾರೂ ಅದನ್ನ ತಿಂದು ಮಿಗಿಸೋದಿಲ್ಲ. ನಾನು ಇಪ್ಪತ್ತು ವರ್ಷ ಸುಳ್ಳು ಪಾಠ ಮಾಡಿದ್ದೀನಿ."

ಕೊನೆಯ ಮಾತು ಪರೀಕ್ಷೆಗೆ ಬೇಕಿರಲಿಲ್ಲ. ಮಕ್ಕಳ ಎದುರಿಗೆ ಅದನ್ನು ಹೇಳದೆ ಆಕೆಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಅರಸ ತನ್ನ ದೀಪವನ್ನು ಮೊದಲ ಸಲ ನೋಡುವವನಂತೆ ನೋಡಿದ. ಏಕಸೂತ್ರ ನಗಲಿಲ್ಲ.

ಆಮೆ ಉಸಿರು ಬಿಟ್ಟಿತು. ಕೆಂಚಿ ಸೊಂಟದವರೆಗೆ ತಾಮ್ರವಾದಳು.

"ಎರಡನೆಯ ಪರೀಕ್ಷೆ" ಎಂದು ಏಕಸೂತ್ರ ತನ್ನ ಜೋಳಿಗೆಯಿಂದ ಅಂಗೈಯಗಲದ ಒಂದು ಆಮೆಮರಿಯನ್ನೂ ಮೂರು ಬುರುಡೆಗಳನ್ನೂ ತೆಗೆದಿಟ್ಟ. "ಈ ಮರಿಯ ಬಾಯಿಗೂ ಬಾಲಕ್ಕೂ ಒಂದು ಬುರುಡೆ ಕಟ್ಟಿದರೆ ಎಷ್ಟು ಬೆಳಗುತ್ತದೋ, ಮೂರು ಬುರುಡೆ ಕಟ್ಟಿದಾಗ ಮೂರೂ ಅಷ್ಟಷ್ಟೇ ಬೆಳಗಬೇಕು. ಮಾಡಿ ತೋರಿಸಿ."

ಹೊನ್ನವ್ವ ರಾಯವ್ವನ ಮನೆಯಲ್ಲಿ ಕೂತಳು. ಅಲ್ಲಿ ಕೂರಬೇಕೆನಿಸಿತು. ಮೂಲೆಯಲ್ಲಿ ಕೆಂಚಿ ನಿಂತಿದ್ದಳು. ಮಕ್ಕಳು ಒಂದು ಬುರುಡೆ ಕಟ್ಟಿದರು, ಹಣ್ಣಿನಂತೆ ಬೆಳಗಿತು. ಎರಡನೆಯದನ್ನು ಪೋಣಿಸಿದರು, ಎರಡೂ ಮಂಕಾದವು. ಮೂರನೆಯದನ್ನು ಪೋಣಿಸಿದರು, ಮೂರೂ ಕೆಂಡದ ಹಾಗಾದವು. ಹಿಂದುಮುಂದು ಮಾಡಿದರು. ತಂತಿ ಗಿಡ್ಡ ಮಾಡಿದರು. ಆಮೆಮರಿಗೆ ಪಾಚಿ ತಿನ್ನಿಸಿ ಪುಸಲಾಯಿಸಿದರು. ಅದು ಪಾಚಿ ತಿಂದು ಸುಮ್ಮನಾಯಿತು.

ರಾಯವ್ವ ಮಗ್ಗದಲ್ಲಿ ಕೂತು ನೇಯುತ್ತಿದ್ದಳು. ಕೈ ಸುಮ್ಮನಿದ್ದರೆ ಅವಳಿಗೆ ಹುಚ್ಚು ಹಿಡಿಯುತ್ತಿತ್ತು. ಕೊನೆಗೆ ತಲೆಯೆತ್ತದೆ ಎಂದಳು:

"ನೀವು ಕೂತ್ಕೋ ಅಂದಾಗ ಅವಳು ಕೂತೇ ಇದ್ದಿದ್ರೆ ಆಗ್ತಿತ್ತು ಅಕ್ಕೋರೆ. ಇಲ್ಲಾ, ನೀವೇ ಎದ್ದು ನೋಡಿದ್ರೂ ಆಗ್ತಿತ್ತು."

ಹೊನ್ನವ್ವ ತಲೆ ತಗ್ಗಿಸಿದಳು. ಆಗ ಮಗ್ಗದಲ್ಲಿ ಟಪ್ ಎಂದು ಒಂದು ಎಳೆ ಹರಿಯಿತು. ರಾಯವ್ವ ಎಡಗೈಯಲ್ಲಿ ಅದರ ಎರಡು ತುದಿ ಹಿಡಿದು ಗಂಟು ಹಾಕಿ ನೇಯುತ್ತಲೇ ಹೋದಳು.

"ಎಳೆ ಹರಿದರೆ ಬೇರೆಯವು ಸಡಿಲ ಆಗಲ್ವಾ ರಾಯವ್ವ?"

"ಯಾಕೆ ಆಗ್ತಾವೆ? ಇದೇನು ಮಣಿಸರವೇ, ಒಂದು ಕಡೆ ಹರಿದರೆ ಎಲ್ಲಾ ಉದುರೋಕೆ? ಮಗ್ಗದ ಆ ತುದಿಗೆ ಒಂದು ಅಡ್ಡಮರ, ಈ ತುದಿಗೆ ಒಂದು ಮರ. ಒಂದೊಂದು ಎಳೇನೂ ಆ ಮರದಿಂದ ಈ ಮರಕ್ಕೆ ತಾನೇ ಕಟ್ಟಿಕೊಂಡಿದೆ. ಪಕ್ಕದ್ದು ಹರಿದರೆ ಇದಕ್ಕೇನಾಗಬೇಕು?"

ಹೇಳಿ ಮುಗಿಸುವಷ್ಟರಲ್ಲಿ ರಾಯವ್ವನ ಕೈ ತಾನಾಗಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂಲೆಯಿಂದ ಕೆಂಚಿಯ ಸಣ್ಣ ದನಿ ಬಂತು. ತಾಮ್ರ ಎದೆಯವರೆಗೆ ಏರಿತ್ತು, ಮಾತು ಕಷ್ಟವಾಗುತ್ತಿತ್ತು.

"ಅಕ್ಕೋರೆ... ಬಾಯಿ ಒಂದು ಮರ... ಬಾಲ ಒಂದು ಮರ..."

ಮಕ್ಕಳು ಆಮೆಮರಿಯ ಬಾಯಿಗೆ ಒಂದು ದಪ್ಪ ತಂತಿ ಕಟ್ಟಿದರು, ಬಾಲಕ್ಕೆ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಎಳೆದು, ನಡುವೆ ಮೂರು ಬುರುಡೆಗಳನ್ನು ಮೂರು ಎಳೆಗಳಂತೆ ಬೇರೆಬೇರೆಯಾಗಿ ಕಟ್ಟಿದರು. ಮೂರೂ ಹಣ್ಣಿನಂತೆ ಬೆಳಗಿದವು. ಒಬ್ಬಳು ನಡುವಿನ ಬುರುಡೆಯನ್ನು ಬಿಡಿಸಿ ನೋಡಿದಳು. ಉಳಿದೆರಡು ಕಣ್ಣೂ ಮಿಟುಕಿಸಲಿಲ್ಲ. ಆ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾಯವ್ವ ಸೆರಗಿನಿಂದ ಮಗಳ ತಾಮ್ರದ ಭುಜ ಒರೆಸುತ್ತ ನಿಂತಳು.

ಆಮೆ ಉಸಿರು ಬಿಟ್ಟಿತು. ತಾಮ್ರ ಕುತ್ತಿಗೆ ಮುಟ್ಟಿತು.

ಸಭೆಯಲ್ಲಿ ಮೂರು ದೀಪಗಳನ್ನು ನೋಡಿ ಏಕಸೂತ್ರನ ಮುಖ ಕಪ್ಪಿಟ್ಟಿತು. ಅವನು ಎದ್ದು ನಿಂತ.

"ಮೂರನೆಯ ಪರೀಕ್ಷೆ. ರಾಜ್ಯದ ಮುನ್ನೂರು ದೀಪಗಳಿಗೂ ಹೀಗೇ ಕಟ್ಟಿ. ತಂತಿ ಕಡಿದಾಗ ಎಲ್ಲಾ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, 'ಇದು ಇಂಥವರ ಮನೆಯ ತಪ್ಪು' ಎಂದರೂ ಸಾಕು. ಅಲ್ಲಿಗೆ ಹುಡುಗಿಯೂ ತಾಮ್ರ, ನೀವೂ ತಾಮ್ರ."

ಅವನಿಗೆ ಒಡಲೂರಿನವರು ಚೆನ್ನಾಗಿ ಗೊತ್ತಿದ್ದರು. ದೀಪ ಆರಿದರೆ ಮೊದಲು ಪಕ್ಕದ ಮನೆಯವರ ಹೆಸರು ಹೇಳಿ, ಆಮೇಲೆ ಬಾಗಿಲು ಹುಡುಕುತ್ತಿದ್ದ ಜನ ಅವರು.

ಹೊನ್ನವ್ವ ಆಮೆಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರವಾಗಿ ಮಿಂಚಾಮೆಯ ಗವಿಗೆ ಹೋದಳು. ಮರಿಯನ್ನು ಅದರ ಮೂಗಿನ ಮುಂದೆ ಇಟ್ಟಳು. ದೊಡ್ಡ ಆಮೆ ಕಣ್ಣು ಬಿಟ್ಟಿತು. ಅದರ ಕಣ್ಣಿಂದ ಕೊಡದಷ್ಟು ನೀರು ಇಳಿಯಿತು.

"ನನ್ನ ಈ ಮರಿಯನ್ನು ಅವನು ಕದ್ದಿಟ್ಟುಕೊಂಡಿದ್ದ" ಎಂದಿತು ಆಮೆ. "ಅದಕ್ಕೇ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆ. ನಿನಗೇನು ಬೇಕು ಮಗಳೇ?"

ಹೊನ್ನವ್ವನನ್ನು ಮಗಳೇ ಎಂದು ಕರೆಯುವವರು ಎಂದೋ ತೀರಿಹೋಗಿದ್ದರು. ಆಕೆ, "ಮುನ್ನೂರು ಮನೆಗೂ ಪೂರ್ತಿ ಬೆಳಕು ಕೊಡಬಲ್ಲೆಯಾ ತಾಯಿ?" ಎಂದಳು.

"ನನ್ನದು ಒಂದು ನೂಕು. ಮುನ್ನೂರು ದೀಪ ಒಂದರ ಹಿಂದೆ ಒಂದು ನಿಂತರೆ ಆ ನೂಕು ಮುನ್ನೂರು ಪಾಲಾಗ್ತದೆ. ಪಕ್ಕಪಕ್ಕದಲ್ಲಿ ನಿಂತರೆ ಒಂದೊಂದಕ್ಕೂ ಪೂರ್ತಿ ನೂಕು ಸಿಗ್ತದೆ. ಆದರೆ ನನಗೆ ಹಸಿವು ಹೆಚ್ಚಾಗ್ತದೆ. ದಾರಿ ಹೆಚ್ಚಿದಷ್ಟೂ ನಾನು ಹೆಚ್ಚು ಮಿಂಚು ಸುರಿಸಬೇಕು. ತಿನ್ನೋಕೆ ಕೊಡ್ತೀರಾ?"

"ಉಸಿರಿಗೊಂದು ಸಲ, ಮನೆಗೊಂದು ಹಿಡಿ ಪಾಚಿ."

"ಇನ್ನೊಂದು ಮಾತು. ನನ್ನ ಬಾಯಿಗೂ ಬಾಲಕ್ಕೂ ನಡುವೆ ಯಾವಾಗಲೂ ದೀಪ ಇರಲಿ. ದೀಪವಿಲ್ಲದ ಬರೀ ತಾಮ್ರ ಅಡ್ಡ ಬಿದ್ದರೆ ನನ್ನೊಳಗಿನದೆಲ್ಲ ಅಲ್ಲೇ ನುಗ್ಗುತ್ತದೆ. ಆ ತಾಮ್ರ ಉಳಿಯೋದಿಲ್ಲ, ಹಿಡಿದವರೂ ಉಳಿಯೋದಿಲ್ಲ."

ಎರಡು ದಪ್ಪ ತಂತಿಗೆ ತಾಮ್ರ ಬೇಕಾಯಿತು. ಬಾಲಗೇರಿಯವರು ತಂಬಿಗೆ ಕೊಟ್ಟರು, ಕುಂಬಾರರು ಇದ್ದೊಂದು ಕೊಡ ಕೊಟ್ಟರು. ಅರಸ ಬಹಳ ಯೋಚನೆ ಮಾಡಿ ತನ್ನ ಸ್ನಾನದ ಹಂಡೆ ಕೊಟ್ಟ. ಕಂಚುಗಾರರು ಕರಗಿಸಿ ಎಳೆದರು. ಜನರನ್ನೆಲ್ಲ ಅಂಗಳದಲ್ಲಿ ಸೇರಿಸಿ ಹೊನ್ನವ್ವ ಅವರಿಗೆ ಹೊಸ ಪಾಠ ಹೇಳಿಕೊಟ್ಟಳು. ದೀಪ ಕಟ್ಟುವುದು ಹೇಗೆಂದು ಅದರಲ್ಲಿತ್ತು. ಬಾಯಿಗೆ ಬೇರೆ ಮಾತಿಗೆ ಬಿಡುವು ಸಿಗಬಾರದು ಎನ್ನುವುದೂ ಆಕೆಯ ಮನಸ್ಸಿನಲ್ಲಿತ್ತು.

ತಂತಿ ಕಡಿದರು. ಒಡಲೂರು ಕತ್ತಲಾಯಿತು. ಎಂದಿನಂತೆ ಮುನ್ನೂರು ಮನೆಗಳಲ್ಲಿ ಮುನ್ನೂರು ಬಾಯಿ ತೆರೆದವು. ಆಗ ಹನ್ನೊಂದು ಮಕ್ಕಳ ದನಿ ಎದ್ದಿತು:

"ಒಂದು ತುದಿ ಬಾಯಿಗೆ, ಒಂದು ತುದಿ ಬಾಲಕ್ಕೆ, ನಡುವೆ ನನ್ನ ದೀಪ!"

ಬಾಲಗೇರಿ ಹೇಳಿತು. ಕುಂಬಾರಗೇರಿ ಹೇಳಿತು. ಕತ್ತಲಲ್ಲಿ ತಡಕಾಡುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ, ಒಬ್ಬರ ಮನೆಯ ತಂತಿಗೆ ಇನ್ನೊಬ್ಬರು ಗಂಟು ಹಾಕಿಕೊಡುತ್ತ ಜನ ಅದನ್ನೇ ಹೇಳಿದರು. ಅರಮನೆಯಲ್ಲಿ ಅರಸನ ಕೈಯಿಂದ ಬುರುಡೆ ಜಾರಿತು. ಅವನು ಸಿಟ್ಟಿನಲ್ಲಿ ಬಾಯಿ ತೆರೆದ.

"ಇದೆಲ್ಲಾ ಆ ಬಾಲಗೇ..."

"ಮಹಾಪ್ರಭು" ಎಂದಳು ಪಕ್ಕದಲ್ಲಿದ್ದ ಅಡುಗೆಯ ಮುದುಕಿ, "ಪಾಠ ತಪ್ಪಿದ್ರಿ. ಮೊದಲಿಂದ ಹೇಳಿ."

ಅರಸ, "ಒಂದು ತುದಿ ಬಾಯಿಗೆ" ಎಂದ. ಮುದುಕಿ ಕತ್ತಲಲ್ಲಿ ನೆಲ ತಡವಿ ಬುರುಡೆ ಹುಡುಕಿ ಅವನ ಕೈಗೆ ಕೊಟ್ಟಳು.

ಹೊನ್ನವ್ವ ಗವಿಯಲ್ಲಿದ್ದಳು. ಒಂದು ದಪ್ಪ ತಂತಿಯನ್ನು ಆಮೆಯ ಬಾಯಿಗಿಟ್ಟಳು, ಇನ್ನೊಂದನ್ನು ಬಾಲಕ್ಕಿಟ್ಟಳು.

ಒಡಲೂರು ಬೆಳಗಿತು. ಹುಟ್ಟಿದಂದಿನಿಂದ ಯಾರೂ ಅಂಥ ಬೆಳಕು ಕಂಡಿರಲಿಲ್ಲ. ಬೆಟ್ಟದ ಛಾವಣಿಗೆ ಬಣ್ಣವಿದೆ ಎಂದು ಅವತ್ತೇ ಗೊತ್ತಾದದ್ದು. ಗಂಡಂದಿರು ಹೆಂಡಿರ ಮುಖ ನೋಡಿದರು, ಹೆಂಡಿರು ಮನೆಯ ಮೂಲೆಗಳ ಕಸ ನೋಡಿದರು.

"ಇಲ್ಲ!" ಏಕಸೂತ್ರ ಗವಿಗೆ ನುಗ್ಗಿದ. "ಒಂದೇ ರಾಜ್ಯಕ್ಕೆ ಎರಡು ತಂತಿಯೇ? ಎರಡನ್ನೂ ಒಂದು ಮಾಡುತ್ತೇನೆ!"

"ಬೇಡ!" ಹೊನ್ನವ್ವ ಕೂಗಿದಳು. ನಿಜವಾಗಿಯೂ ಬೇಡವೆಂದೇ ಕೂಗಿದಳು. "ಮಧ್ಯೆ ದೀಪ ಇಲ್ಲ! ದಂಡ ಅಡ್ಡ ಇಡಬೇಡ!"

ಬಾಲಗೇರಿಯ ಅಕ್ಕೋರೊಬ್ಬಳಿಂದ ಪಾಠ ಕಲಿಯುವವನೇ ಅವನು? ತಾಮ್ರದ ದಂಡವನ್ನು ಎರಡು ತಂತಿಗಳಿಗೂ ಅಡ್ಡಲಾಗಿ ಒತ್ತಿದ. ಮುನ್ನೂರು ದೀಪಗಳ ಮಿಂಚೆಲ್ಲ ಆ ಸಲೀಸು ದಾರಿಗೆ ತಿರುಗಿ ನುಗ್ಗಿತು. ದಂಡ ಕೆಂಪಾಯಿತು, ಬಿಳಿಯಾಯಿತು, ನೀರಾಯಿತು. ಹೊಗೆ ಇಳಿದಾಗ ನೆಲದ ಮೇಲೆ ಒಂದು ತಾಮ್ರದ ಮುದ್ದೆ ಮಾತ್ರ ಬಿದ್ದಿತ್ತು. ಆ ಕ್ಷಣ ಆರಿಹೋಗಿದ್ದ ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಆಮೆ ಮೂರನೆಯ ಉಸಿರು ಬಿಡುವುದರಲ್ಲಿತ್ತು. ಹೊನ್ನವ್ವ ಓಡಿದಳು. ರಾಯವ್ವನ ಮನೆಯಲ್ಲಿ ತಾಮ್ರ ಕೆಂಚಿಯ ರೆಪ್ಪೆ ಮುಟ್ಟಿ ನಿಂತಿತ್ತು. ನಿಂತು, ಬಿಸಿ ತಾಗಿದ ಮೇಣದಂತೆ ಕೆಳಗಿಳಿಯತೊಡಗಿತು. ರೆಪ್ಪೆ, ಗಲ್ಲ, ಕುತ್ತಿಗೆ, ಸೊಂಟ, ಪಾದ. ಹುಡುಗಿ ತಾಯಿಯ ಮೇಲೆ ಕುಸಿದಳು. ಆಮೇಲೆ ದೀಪ ನೋಡಿದಳು, ಆಮೇಲೆ ಅಕ್ಕೋರನ್ನು.

"ಅಕ್ಕೋರೆ, ಅರಸರ ದೀಪ ಅಷ್ಟೇ ಇತ್ತು ಅಲ್ವಾ?"

"ಅಷ್ಟೇ ಇತ್ತು" ಎಂದಳು ಹೊನ್ನವ್ವ. "ನಿನಗಿಂತ ಮೊದಲೇ ನಾನು ನೋಡಿದ್ದೆ ಕೆಂಚಿ. ನೋಡಿಯೂ ನಿನ್ನ ಕೂರಿಸಿದೆ."

ಕೆಂಚಿ, "ಹಂಗಾದ್ರೆ ನಾಳೆಯಿಂದ ನಿಂತ್ಕೊಂಡೇ ಪಾಠ ಕೇಳ್ತೀನಿ" ಎಂದಳು.

ಅರಮನೆಯ ಅಂಗಳದಲ್ಲಿ ನಲವತ್ತು ಮಲ್ಲಿಗಳಿಗೂ ಜೀವ ಬಂತು. ಕೆಲವರನ್ನು ಮನೆಯವರು ಅಪ್ಪಿಕೊಂಡು ಕರೆದೊಯ್ದರು. ಕೆಲವರ ಮಕ್ಕಳು ಅವರಿಗಿಂತ ಮುದುಕರಾಗಿದ್ದರು. ಐವರಿಗೆ ಯಾರೂ ಉಳಿದಿರಲಿಲ್ಲ. ಅವರನ್ನು ಬಾಲಗೇರಿಯವರು ತಮ್ಮ ಮನೆಗಳಿಗೆ ಕರೆದುಕೊಂಡು ಹೋದರು. ಅವರಿಗಾಗಿ ಐದು ಹೊಸ ಬುರುಡೆ ಕಟ್ಟಿದಾಗ ಊರಲ್ಲಿ ಯಾರ ದೀಪವೂ ಮಂಕಾಗಲಿಲ್ಲ.

ಅರಸ ಹೊನ್ನವ್ವನನ್ನು ಕರೆಸಿ ಮೆಲ್ಲಗೆ ಕೇಳಿದ: "ಈಗ ನಮ್ಮದು ಎಷ್ಟನೆಯ ದೀಪ?"

"ಕಂಬಳಿ ಹೊದ್ದುಕೊಂಡಾಗ ಎಷ್ಟನೆಯ ಎಳೆ ಬೆಚ್ಚಗಿದೆ ಅಂತ ಕೇಳ್ತೀರಾ ಮಹಾಪ್ರಭು?"

ಅರಸನಿಗೆ ಅದು ಅರ್ಥವಾಗುವುದಕ್ಕೆ ಏಳೆಂಟು ಉಸಿರು ಹಿಡಿಯಿತು.

ಕೆಲವು ಉಸಿರುಗಳ ಮೇಲೆ ಬಾಲಗೇರಿಯಲ್ಲಿ ಒಂದು ಬುರುಡೆ ಸತ್ತಿತು. ಬೀದಿಯೆಲ್ಲ ಗಕ್ಕನೆ ನಿಂತಿತು. ತಾಯಂದಿರು ಮಕ್ಕಳನ್ನು ಬರಸೆಳೆದುಕೊಂಡರು. ನೀಲಿ ಬೆಂಕಿ ಬರಲಿಲ್ಲ. ಪಕ್ಕದ ಮನೆಯ ದೀಪ ಉರಿಯುತ್ತಿತ್ತು, ಎದುರುಮನೆಯದೂ ಉರಿಯುತ್ತಿತ್ತು. ಕೆಂಚಿ ಏಣಿ ಹತ್ತಿ ಹೊಸ ಬುರುಡೆ ಕಟ್ಟಿದಳು. ಕೆಳಗೆ ಏಣಿ ಹಿಡಿದುಕೊಂಡಿದ್ದವರು ಅಕ್ಕೋರು. ಒಳಗೆ ರಾಯವ್ವ ಮಗ್ಗ ನಿಲ್ಲಿಸಲೇ ಇಲ್ಲ.

ಅಂದಿನಿಂದ ಒಡಲೂರಿನವರು ಉಸಿರಿಗೊಂದು ಸಲ ಮನೆಗೊಂದು ಹಿಡಿ ಪಾಚಿಯನ್ನು ಆಮೆಗೆ ಕೊಟ್ಟು, ಬಂದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಿಕೊಂಡು, ಮದುವೆಗಳಲ್ಲಿ ವಧೂವರರ ಮುಖವನ್ನೇ ನೋಡುತ್ತ ಸುಖವಾಗಿದ್ದರು. ಆ ಬೆಟ್ಟ ಇನ್ನೂ ಇದ್ದರೆ ಅವರೂ ಹಾಗೆಯೇ ಇದ್ದಾರು.